ನೋವು, ಬಳಲಿಕೆ ಮತ್ತು ಕಾಯಕ: ಫ್ಲಾರೆನ್ಸ್ ನೈಟಿಂಗೇಲ್ ಅವರ ಕಾಣದ ಬದುಕು

ಇರುಳಿನಲ್ಲಿ ಕೈದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ಸಾಗುವ ಮಹಿಳೆಯೊಬ್ಬರ ಚಿತ್ರವನ್ನು ನಾವೆಲ್ಲರೂ ಶಾಲೆಯ ದಿನಗಳಿಂದಲೇ ಬಲ್ಲೆವು. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರು ಕೇಳಿದೊಡನೆ ಕಣ್ಣಮುಂದೆ ಬರುವುದು ಆ ದೀಪವೇ. ಆದರೆ ಅವರು ಯುದ್ಧಕಾಲದ ಆಸ್ಪತ್ರೆಗಳಲ್ಲಿ ಕಳೆದದ್ದು ಎರಡು ವರ್ಷಕ್ಕಿಂತಲೂ ಕಡಿಮೆ ಅವಧಿ. ಬದುಕಿದ್ದು 90 ವರ್ಷ. ದೀಪ ಹಿಡಿದು ನಡೆದಾಡಿದ ಆ ಮಹಾತಾಯಿ ಯುದ್ಧ ಮುಗಿದ ಮರುವರ್ಷವೇ ಹಾಸಿಗೆ ಹಿಡಿದರು. ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬಿಟ್ಟುಬಿಡದ ನೋವು ಮತ್ತು ತೀರದ ಬಳಲಿಕೆಯೊಂದಿಗೆ ಬದುಕಿದರು ಎಂಬ ಸಂಗತಿ ಬಹುಮಂದಿಗೆ ತಿಳಿದಿಲ್ಲ. ಅವರ ಜೀವನದ ಅತ್ಯಂತ ದೊಡ್ಡ ಕೆಲಸಗಳು ನಡೆದದ್ದು ಆ ಹಾಸಿಗೆಯ ಕೋಣೆಯಲ್ಲಿ.

ಇಂದು ನಮ್ಮ ಮನೆಮನೆಗಳಲ್ಲಿ ಬೆನ್ನುನೋವು, ಸಂದುನೋವು, ಮೈಕೈ ನೋವು ಎಂದು ನರಳುವವರು ಇದ್ದಾರೆ. ಅವರನ್ನು ಮಾತನಾಡಿಸಿದರೆ ನೋವಿನ ಜೊತೆಗೇ ಇನ್ನೊಂದು ಮಾತೂ ಬರುತ್ತದೆ: ಮಲಗಿ ಎದ್ದರೂ ದಣಿವು ಆರುವುದಿಲ್ಲ, ಮೈಯಲ್ಲಿ ತ್ರಾಣವೇ ಇಲ್ಲ ಎಂಬ ಮಾತು. ನೋವನ್ನು ಹೇಗೋ ನಂಬುವ ಮನೆಮಂದಿ ಈ ಬಳಲಿಕೆಯನ್ನು ನಂಬುವುದಿಲ್ಲ, ಸೋಮಾರಿತನವೆಂದು ಬಗೆಯುತ್ತಾರೆ. ನೋವಿಗೂ ಬಳಲಿಕೆಗೂ ಇರುವ ನಂಟನ್ನು ಅರಿಯಲು ನೈಟಿಂಗೇಲ್ ಅವರ ಬದುಕಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಆದುದರಿಂದ ಆ ಬದುಕನ್ನು ದೀಪದ ಕಡೆಯಿಂದಲ್ಲ, ಹಾಸಿಗೆಯ ಕಡೆಯಿಂದ ನೋಡೋಣ.

ಸಿರಿವಂತಿಕೆಯಿಂದ ಸೇವೆಯೆಡೆಗೆ

ಫ್ಲಾರೆನ್ಸ್ ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹುಟ್ಟಿದ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ಇಂಗ್ಲೆಂಡಿನ ಶ್ರೀಮಂತ ಮನೆತನ. ಡರ್ಬಿಶೈರ್‌ನಲ್ಲಿ ಒಂದು, ಹ್ಯಾಂಪ್‌ಶೈರ್‌ನಲ್ಲಿ ಒಂದು ವಿಶಾಲವಾದ ಮನೆ. ತಂದೆ ವಿಲಿಯಂ ಅವರು ಇಬ್ಬರು ಹೆಣ್ಣುಮಕ್ಕಳಿಗೂ ತಾವೇ ಗುರುವಾಗಿ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ದುರ್ಲಭವಾಗಿದ್ದ ವಿದ್ಯೆ ಅದು. ಕಿರಿಯ ಮಗಳು ಗಣಿತದಲ್ಲಿ ವಿಶೇಷ ಆಸಕ್ತಿ ತೋರಿದರು.

16ರ ಹರೆಯದಲ್ಲಿ, 1837ರಲ್ಲಿ, ದೇವರು ತಮ್ಮನ್ನು ಸೇವೆಗೆ ಕರೆದನೆಂಬ ಅನುಭವ ಅವರಿಗಾಯಿತು. ಯಾವ ಸೇವೆ ಎಂಬುದು ಸ್ಪಷ್ಟವಾಗಲು ವರ್ಷಗಳೇ ಬೇಕಾದವು. ರೋಗಿಗಳ ಆರೈಕೆಯೇ ತಮ್ಮ ದಾರಿ ಎಂದು ತಿಳಿಸಿದಾಗ ಮನೆಯಲ್ಲಿ ಬಿರುಗಾಳಿ ಎದ್ದಿತು. ಆಗಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸವೆಂದರೆ ಮರ್ಯಾದಸ್ಥರು ಮುಟ್ಟಬಾರದ ಕೆಲಸವೆಂಬ ಭಾವನೆಯಿತ್ತು. ಬಹುಕಾಲ ಕಾದಿದ್ದ ಯೋಗ್ಯ ವರನನ್ನು ಅವರು ನಿರಾಕರಿಸಿದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿದ್ದ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು.

ಮರುವರ್ಷವೇ ಕ್ರಿಮಿಯನ್ ಯುದ್ಧದ ಸುದ್ದಿಗಳು ಇಂಗ್ಲೆಂಡನ್ನು ತಲ್ಲಣಗೊಳಿಸಿದವು. ಗಾಯಗೊಂಡ ಸೈನಿಕರು ಔಷಧಿ, ಬಟ್ಟೆ, ಆರೈಕೆಗಳಿಲ್ಲದೆ ಸಾಯುತ್ತಿದ್ದಾರೆಂದು ಪತ್ರಿಕೆಗಳು ವರದಿ ಮಾಡಿದವು. ಸರ್ಕಾರದಲ್ಲಿ ಯುದ್ಧ ಖಾತೆಯ ಹೊಣೆ ಹೊತ್ತಿದ್ದ, ಕುಟುಂಬದ ಗೆಳೆಯರೂ ಆಗಿದ್ದ ಸಿಡ್ನಿ ಹರ್ಬರ್ಟ್ ಅವರು ದಾದಿಯರ ತಂಡದ ನಾಯಕತ್ವ ವಹಿಸುವಂತೆ ನೈಟಿಂಗೇಲ್ ಅವರನ್ನು ಕೇಳಿಕೊಂಡರು. 38 ಮಂದಿ ದಾದಿಯರೊಂದಿಗೆ ಅವರು 1854ರ ನವೆಂಬರ್ ಮೊದಲ ವಾರದಲ್ಲಿ ಟರ್ಕಿಯ ಇಸ್ತಾಂಬುಲ್ ನಗರದ ಎದುರು ದಂಡೆಯ ಸ್ಕುಟಾರಿಯನ್ನು ತಲುಪಿದರು.

ಅಲ್ಲಿನ ಸೈನಿಕ ಆಸ್ಪತ್ರೆ ಚರಂಡಿಗಳ ಮೇಲೆಯೇ ನಿಂತಿತ್ತು. ಗಾಳಿಯಿಲ್ಲ, ಶುದ್ಧ ನೀರಿಲ್ಲ, ಹೊದೆಯಲು ಬಟ್ಟೆಯಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿ ಸೇರಿದ ನೂರು ಮಂದಿಯಲ್ಲಿ 42 ಮಂದಿ ಸಾಯುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೊಳೆಸಿ, ಗಾಳಿಗೆ ದಾರಿ ಮಾಡಿ, ನೀರನ್ನು ಶುದ್ಧಗೊಳಿಸಿದರು. ಜೂನ್ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ 2ಕ್ಕೆ ಇಳಿಯಿತು. ಗಾಯದಿಂದ ಸತ್ತವರಿಗಿಂತ ಕೊಳಕಿನಿಂದ ಹುಟ್ಟಿದ ರೋಗಗಳಿಂದ ಸತ್ತವರೇ ಹಲವು ಪಟ್ಟು ಹೆಚ್ಚು ಎಂಬ ಸತ್ಯ ನೈಟಿಂಗೇಲ್ ಅವರ ಮನಸ್ಸಿನಲ್ಲಿ ಮುಂದೆ ಆಳವಾಗಿ ನೆಲೆಗೊಂಡಿತು.

ಜ್ವರ ಬಿಟ್ಟುಹೋದ ಮೇಲೆ

1855ರ ಮೇ ತಿಂಗಳಲ್ಲಿ ಅವರು ಯುದ್ಧಭೂಮಿಗೆ ಸಮೀಪದ ಬಾಲಕ್ಲಾವಾದ ಆಸ್ಪತ್ರೆಗಳನ್ನು ನೋಡಲು ಹೋದರು. ಅಲ್ಲಿಯೇ ಅವರಿಗೆ ತೀವ್ರವಾದ ಜ್ವರ ಬಂದಿತು. ಸೈನಿಕರು ಅದನ್ನು ಕ್ರಿಮಿಯನ್ ಜ್ವರವೆಂದು ಕರೆಯುತ್ತಿದ್ದರು. ಸುಮಾರು ಎರಡು ವಾರ ಅವರು ಸಾವು ಬದುಕಿನ ನಡುವೆ ತೂಗಾಡಿದರು. ಜ್ವರದ ತಾಪಕ್ಕೆ ತಲೆಗೂದಲನ್ನು ಕತ್ತರಿಸಬೇಕಾಯಿತು. ಬದುಕಿದ್ದೇ ಪುಣ್ಯವೆಂದು ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಅವರು ವಿಶ್ರಾಂತಿಗೆಂದು ಊರಿಗೆ ಮರಳದೆ ಮತ್ತೆ ಕೆಲಸಕ್ಕೆ ನಿಂತರು. ಯುದ್ಧ ಮುಗಿದು ಆಸ್ಪತ್ರೆಗಳು ಬರಿದಾದ ಮೇಲೆಯೇ, 1856ರ ಆಗಸ್ಟ್ ತಿಂಗಳಲ್ಲಿ, ಯಾರಿಗೂ ತಿಳಿಸದೆ ಸದ್ದಿಲ್ಲದೆ ಮನೆ ಸೇರಿದರು.

ಜ್ವರ ಬಿಟ್ಟಿತ್ತು, ರೋಗ ಬಿಟ್ಟಿರಲಿಲ್ಲ. ಊರಿಗೆ ಬಂದವರು ಸುಮ್ಮನೆ ಕೂರಲಿಲ್ಲ. ಸೈನ್ಯದ ಆರೋಗ್ಯ ವ್ಯವಸ್ಥೆಯನ್ನು ತನಿಖೆ ಮಾಡಲು ಆಯೋಗವೊಂದನ್ನು ನೇಮಿಸುವಂತೆ ರಾಣಿಯನ್ನೂ ಮಂತ್ರಿಗಳನ್ನೂ ಒಪ್ಪಿಸಿದರು. ಆ ಆಯೋಗಕ್ಕಾಗಿ ಹಗಲಿರುಳು ಅಂಕಿಅಂಶಗಳನ್ನು ಕಲೆಹಾಕಿದರು. 1857ರ ಆಗಸ್ಟ್‌ನಲ್ಲಿ, 37ನೆಯ ವಯಸ್ಸಿನಲ್ಲಿ, ದೇಹ ಕುಸಿದುಬಿತ್ತು. ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಅನ್ನ ಕಂಡರೆ ವಾಕರಿಕೆ, ನಿದ್ದೆಯಿಲ್ಲದ ಇರುಳು, ಎದ್ದು ನಿಲ್ಲಲಾಗದಷ್ಟು ನಿತ್ರಾಣ. ಇನ್ನು ತಾವು ಹೆಚ್ಚು ದಿನ ಉಳಿಯುವುದಿಲ್ಲವೆಂದು ಅವರೇ ನಂಬಿದರು. ತಮ್ಮ ಮರಣದ ಅನಂತರ ಸಿಡ್ನಿ ಹರ್ಬರ್ಟ್ ಅವರಿಗೆ ತಲುಪಿಸಬೇಕಾದ ಪತ್ರವನ್ನೂ ಬರೆದಿಟ್ಟರು. ಆದರೆ ಆ ಕುಸಿತದ ಅನಂತರ ಅವರು ಇನ್ನೂ 53 ವರ್ಷ ಬದುಕಿದರು.

1861ರ ಡಿಸೆಂಬರ್‌ನಲ್ಲಿ ಇನ್ನೂ ಘೋರವಾದ ಹೊಡೆತ ಬಂದಿತು. ಈ ಬಾರಿ ಬೆನ್ನುಹುರಿಯ ಸುತ್ತ ಸಹಿಸಲಾಗದ ನೋವು. ನಡೆಯಲು ಆಗದೆ ಸುಮಾರು ಆರು ವರ್ಷಗಳ ಕಾಲ ಅವರನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಎತ್ತಿಕೊಂಡು ಹೋಗಬೇಕಾಗಿತ್ತು. ಚರ್ಮದಡಿಗೆ ಅಫೀಮನ್ನು ಚುಚ್ಚುವ ಹೊಸ ಚಿಕಿತ್ಸೆಯೊಂದು ಆಗ ಬಂದಿತ್ತು. ಅದು ಒಂದು ದಿನದ ಮಟ್ಟಿಗೆ ನೋವನ್ನು ತಗ್ಗಿಸುತ್ತಿತ್ತು. ಆದರೆ ಬುದ್ಧಿಯ ಚುರುಕನ್ನೂ ಮಂದಗೊಳಿಸುತ್ತದೆಂದು ಅವರು ಬರೆದುಕೊಂಡರು. ನೋವು ಬೇಡವೆಂದರೆ ಮಂಪರು, ಎಚ್ಚರ ಬೇಕೆಂದರೆ ನೋವು. ಇಂಥ ಇಕ್ಕಟ್ಟಿನಲ್ಲಿ ಅವರು ದಿನಗಳನ್ನು ನೂಕಬೇಕಾಯಿತು.

ಒಂದನ್ನೊಂದು ಬಿಗಿಯುವ ಎರಡು ಎಳೆಗಳು

ಇಲ್ಲಿ ತುಸು ನಿಂತು ನೋವು ಮತ್ತು ಬಳಲಿಕೆಯ ನಂಟನ್ನು ವಿಚಾರಿಸೋಣ. ಮುಳ್ಳು ಚುಚ್ಚಿದಾಗ ಆಗುವ ನೋವು ಒಂದು ಎಚ್ಚರಿಕೆ. ಮುಳ್ಳು ತೆಗೆದ ಮೇಲೆ ಅದು ಅಡಗುತ್ತದೆ. ಮೂರು ತಿಂಗಳು ಮೀರಿಯೂ ಅಡಗದೆ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಂಥ ನೋವಿನಲ್ಲಿ ನರಮಂಡಲವೇ ಅತಿ ಸೂಕ್ಷ್ಮವಾಗಿಬಿಡಬಹುದು. ಮೊದಲು ನೋವೆನಿಸದಿದ್ದ ಸಣ್ಣ ಒತ್ತಡವೂ ಆಗ ನೋವೆನಿಸುತ್ತದೆ. ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಕೆಲಸ ಮಾಡದೆ ಕುಳಿತವನ ಶಕ್ತಿಯೂ ನೋವನ್ನು ತಡೆದುಕೊಳ್ಳುವುದರಲ್ಲಿಯೇ ಸೋರಿಹೋಗುತ್ತದೆ.

ಇರುಳಿನಲ್ಲಿ ನೋವು ನಿದ್ದೆಯನ್ನು ಕೆಡಿಸುತ್ತದೆ. ಗಾಢನಿದ್ದೆಯಲ್ಲಿ ದೇಹ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಆ ನಿದ್ದೆ ಮುರಿದರೆ ಬೆಳಗಿನ ಹೊತ್ತಿಗೆ ಬಳಲಿಕೆ ಹಾಗೆಯೇ ಉಳಿದಿರುತ್ತದೆ. ನಿದ್ದೆಗೆಟ್ಟ ದೇಹಕ್ಕೆ ನೋವು ತಾಳುವ ಶಕ್ತಿ ಕಡಿಮೆ. ಹೀಗೆ ನೋವು ನಿದ್ದೆಯನ್ನು ಕೆಡಿಸಿ ಬಳಲಿಕೆಯನ್ನು ತಂದರೆ, ಬಳಲಿಕೆ ನೋವನ್ನು ಹೆಚ್ಚಿಸುತ್ತದೆ. ಸೋಂಕು ತಗುಲಿದಾಗ ಅದರೊಡನೆ ಹೋರಾಡಲು ದೇಹವೇ ಹೊರಡಿಸುವ ಕೆಲವು ರಾಸಾಯನಿಕಗಳು ಮೈಕೈ ನೋವನ್ನೂ ನಿತ್ರಾಣವನ್ನೂ ಒಟ್ಟೊಟ್ಟಿಗೆ ಉಂಟುಮಾಡುತ್ತವೆ. ಸಾಮಾನ್ಯ ಜ್ವರದಲ್ಲಿಯೂ ನಾವು ಇದನ್ನು ಅನುಭವಿಸುತ್ತೇವೆ. ಅವರಿಗೆ ತಗುಲಿದ ಸೋಂಕು ಬಗೆಹರಿಯದೆ ಉಳಿದಿದ್ದರೆ, ಈ ಸ್ಥಿತಿ ಎರಡು ದಿನದ ಜ್ವರವಾಗಿರದೆ ವರ್ಷಗಳ ಬಾಳಾಗಿದ್ದಿರಬೇಕು.

ಇನ್ನೊಂದು ಬಲೆಯೂ ಇದೆ. ನೋವು ತುಸು ಕಡಿಮೆಯಾದ ದಿನ, ಉಳಿದುಹೋದ ಕೆಲಸವನ್ನೆಲ್ಲ ಮುಗಿಸಿಬಿಡೋಣವೆಂದು ಮನುಷ್ಯ ಹೊರಡುತ್ತಾನೆ. ಅದರ ಫಲವಾಗಿ ಮುಂದಿನ ನಾಲ್ಕು ದಿನ ಹಾಸಿಗೆಯಲ್ಲಿ. ಹಾಸಿಗೆಯಲ್ಲಿಯೇ ಬಹುಕಾಲ ಉಳಿದರೆ ಸ್ನಾಯುಗಳು ಸೊರಗಿ, ಮತ್ತಷ್ಟು ಬೇಗ ದಣಿಯುತ್ತವೆ, ಮತ್ತಷ್ಟು ಬೇಗ ನೋಯುತ್ತವೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಇಷ್ಟೇ: ನಿನ್ನೆ ಓಡಾಡಿದವರು ಇಂದು ಮಲಗಿದ್ದಾರೆ. ಅದರಿಂದಲೇ ಸಂದೇಹ ಹುಟ್ಟುತ್ತದೆ.

ನಿದ್ದೆಯ ವಿಷಯವನ್ನು ನೈಟಿಂಗೇಲ್ ಅವರು ತಮ್ಮ ಸೂಕ್ಷ್ಮ ಅವಲೋಕನದಿಂದಲೇ ಕಂಡುಕೊಂಡಿದ್ದರು. 1859ರಲ್ಲಿ ಅವರು ರಚಿಸಿದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಯನ್ನು ಮೊದಲ ನಿದ್ದೆಯಿಂದ ಎಂದಿಗೂ ಎಬ್ಬಿಸಬಾರದೆಂದು ವಿಧಿಸುತ್ತಾರೆ. ಕೆಲವು ನಿಮಿಷ ಮಲಗಿದವನನ್ನು ಎಬ್ಬಿಸಿದರೆ ಅವನಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ, ಕೆಲವು ತಾಸು ಮಲಗಿದವನಿಗಾದರೆ ಮತ್ತೆ ನಿದ್ದೆ ಬರುವ ಸಂಭವ ಹೆಚ್ಚು ಎಂಬುದು ಅವರು ಕಂಡ ಸತ್ಯ. ನೋವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದ ನಿದ್ದೆಯಲ್ಲಿ ಅದಕ್ಕೆ ಸಿಕ್ಕ ಬಿಡುವು ಆ ಹೊತ್ತಿಗಷ್ಟೇ ಸಲ್ಲುವ ಲಾಭವಲ್ಲ, ಮುಂದಕ್ಕೂ ಉಳಿಯುವ ಲಾಭ ಎಂಬುದು ಅವರ ವಿವರಣೆ. ನರಗಳ ವಿಜ್ಞಾನ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇಷ್ಟು ನಿಚ್ಚಳವಾಗಿ ಅವರು ಇದನ್ನು ಗುರುತಿಸಿದ್ದು ವಿಸ್ಮಯದ ಸಂಗತಿ.

ಅದೇ ಪುಸ್ತಕದಲ್ಲಿ, ರೋಗಿಯ ಬಳಿ ಬಂದು ಬರಿಯ ಭರವಸೆ ಹಾಗೂ ಬಿಟ್ಟಿ ಸಲಹೆಗಳನ್ನು ಸುರಿಯುವವರ ಬಗ್ಗೆಯೇ ಒಂದು ಅಧ್ಯಾಯವಿದೆ. ನಿನಗೇನೂ ಆಗಿಲ್ಲ, ಧೈರ್ಯವಾಗಿರು, ಆ ಮದ್ದು ತಗೋ, ಈ ಊರಿಗೆ ಹೋಗು ಎಂಬ ಮಾತುಗಳು ರೋಗಿಯ ಉಳಿದ ಶಕ್ತಿಯನ್ನೂ ಹೀರುತ್ತವೆ ಎಂಬುದು ಅದರ ತಿರುಳು. ವೃಥಾ ಸದ್ದನ್ನು ಅವರು ಕ್ರೌರ್ಯವೆಂದೇ ಎಣಿಸಿದರು. ಬಹುಕಾಲ ಹಾಸಿಗೆ ಹಿಡಿದವರಿಗೆ ಸಾಕುಪ್ರಾಣಿಯೊಂದರ ಜೊತೆ ಒಳ್ಳೆಯದೆಂದೂ ಬರೆದರು. ಅವರ ಕೋಣೆಯಲ್ಲಿ ಬೆಕ್ಕುಗಳಿಗೆ ಸದಾ ಜಾಗವಿತ್ತು.

ಶಕ್ತಿಗೆ ಕಟ್ಟಿದ ಬೇಲಿ

ಇಷ್ಟು ನೋವಿನ ನಡುವೆ ಅವರು ಕೆಲಸ ಮಾಡಿದ್ದಾದರೂ ಹೇಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಅವರು ಶಕ್ತಿಯ ವಿಷಯದಲ್ಲಿ ಪಾಲಿಸಿದರು. ಒಂದು ಸಲಕ್ಕೆ ಒಬ್ಬರನ್ನು ಮಾತ್ರ, ಅದೂ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು ಬಂದವರನ್ನು ಮಾತ್ರ ನೋಡುತ್ತಿದ್ದರು. ಮಾತನಾಡುವುದು ಹೆಚ್ಚು ಆಯಾಸವಾದುದರಿಂದ ಕೆಳಗಿನ ಅಂತಸ್ತಿನಲ್ಲಿ ಕುಳಿತ ಸಹೋದ್ಯೋಗಿಗೂ ಚೀಟಿ ಬರೆದು ಕಳಿಸುತ್ತಿದ್ದರು. ಸಭೆ, ಸನ್ಮಾನ, ಔತಣಗಳನ್ನು ದೂರವಿಟ್ಟರು. ತಾಯಿ ಮತ್ತು ಅಕ್ಕನ ಭೇಟಿಗೂ ಮಿತಿ ಹಾಕಿದರು. ಅನೇಕರಿಗೆ ಇದು ಒರಟುತನವಾಗಿ ಕಂಡಿತು. ಆದರೆ ಅವರ ಲೆಕ್ಕ ಬೇರೆ: ದಿನಕ್ಕೆ ಒಂದು ಬೊಗಸೆಯಷ್ಟು ಶಕ್ತಿ ಇರುವಾಗ ಅದನ್ನು ಎಲ್ಲಿ ಸುರಿಯಬೇಕೆಂಬುದನ್ನು ಅವರೇ ನಿರ್ಧರಿಸಬೇಕಿತ್ತು.

ಹಾಗೆ ಉಳಿಸಿದ ಶಕ್ತಿಯಿಂದ ಮೂಡಿದ ಕಾರ್ಯ ಬೆರಗು ಹುಟ್ಟಿಸುತ್ತದೆ. ಸೈನಿಕರ ಸಾವಿನ ಕಾರಣಗಳನ್ನು ಬಣ್ಣದ ವೃತ್ತಚಿತ್ರಗಳಲ್ಲಿ ತೋರಿಸಿ, ಅಂಕಿಗಳನ್ನು ಓದಲಾರದ ಮಂತ್ರಿಗಳಿಗೂ ಅರ್ಥವಾಗುವಂತೆ ಮಾಡಿದರು. 1858ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯರಾದರು. ಜನರು ಅವರ ಗೌರವಾರ್ಥ ಕೂಡಿಸಿದ ಸುಮಾರು 45,000 ಪೌಂಡ್ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ತಮ್ಮ ಹೆಸರಿನ ಆ ಶಾಲೆಗೆ ಅವರು ಸ್ವತಃ ಮೊದಲ ಬಾರಿಗೆ ಭೇಟಿ ಕೊಟ್ಟದ್ದು 1882ರಲ್ಲಿ. ಅಲ್ಲಿಯವರೆಗೆ ಎಲ್ಲವೂ ಪತ್ರಗಳ ಮೂಲಕವೇ, ಅಥವಾ ಒಬ್ಬೊಬ್ಬರನ್ನೇ ಕೋಣೆಗೆ ಕರೆಸಿಕೊಂಡು. ಇಂದು ಉಳಿದುಬಂದಿರುವ ಅವರ ಪತ್ರಗಳೇ ಸುಮಾರು 14,000.

ನಮ್ಮ ನಾಡಿಗೂ ಅವರು ಋಣದಾತರು. ಭಾರತದಲ್ಲಿದ್ದ ಸೈನ್ಯದ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ಆಯೋಗದ ಹಿಂದಿನ ಶಕ್ತಿ ಅವರೇ. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಸೈನಿಕ ಠಾಣ್ಯಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ರಾಶಿಯನ್ನು ಕೋಣೆಯಲ್ಲಿಯೇ ಓದಿ ವಿಶ್ಲೇಷಿಸಿದರು. ಎರಡು ಸಾವಿರಕ್ಕೂ ಹೆಚ್ಚು ಪುಟಗಳ ಆ ವರದಿ ಹೊರಬಂದದ್ದು 1863ರಲ್ಲಿ. ಅವರನ್ನು ಎತ್ತಿಕೊಂಡು ಹೋಗಬೇಕಾಗಿದ್ದ ಆರು ವರ್ಷಗಳ ನಟ್ಟನಡುವೆಯೇ ಈ ಕೆಲಸ ಮುಗಿಯಿತೆಂಬುದನ್ನು ನೆನೆಯಬೇಕು. ಬೆಂಗಳೂರು ದಂಡಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಹರಿದುಬರುತ್ತಿದ್ದುದನ್ನೂ ಅದೇ ನೀರನ್ನು ಕುಡಿಯಲು ಬಳಸುತ್ತಿದ್ದುದನ್ನೂ ಅವರ ಟಿಪ್ಪಣಿಗಳು ಎತ್ತಿ ತೋರಿಸಿದವು. ಭಾರತದ ಬ್ರಿಟಿಷ್ ಸೈನ್ಯದಲ್ಲಿ ಸಾವಿರಕ್ಕೆ 69ರಷ್ಟಿದ್ದ ವಾರ್ಷಿಕ ಸಾವು, ಸುಧಾರಣೆಗಳು ಜಾರಿಗೆ ಬಂದ ಹತ್ತು ವರ್ಷಗಳಲ್ಲಿ 18ಕ್ಕೆ ಇಳಿಯಿತೆಂದು ಅವರು 1873ರಲ್ಲಿ ಲೆಕ್ಕ ಕೊಟ್ಟರು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನೂ ಒಳಗೊಂಡಂತೆ ದಕ್ಷಿಣ ಭಾರತವನ್ನು ಸುಟ್ಟ ಬರಗಾಲದ ದಿನಗಳಲ್ಲಿ ಅವರ ಲೇಖನಿ ಸೈನಿಕರನ್ನು ಬಿಟ್ಟು ರೈತರ ಕಡೆಗೆ ಹೊರಳಿತು. ನೀರಾವರಿಗಾಗಿ, ಸಾಲದಲ್ಲಿ ಮುಳುಗಿದ ಒಕ್ಕಲುಗಳಿಗಾಗಿ ಅವರು ಬರೆದರು.

ನಂಬದವರು, ನಂಬದೆ ಹೋದವರು

ನೈಟಿಂಗೇಲ್ ಅವರ ಕಾಯಿಲೆಯನ್ನು ನಂಬದವರು ಇದ್ದರು. ದೇಹ ಪರೀಕ್ಷೆಯಲ್ಲಿ ಕಾರಣ ಕಾಣದೆ ಹೋದಾಗ ವೈದ್ಯರು ಅದನ್ನು ನರಗಳ ದೌರ್ಬಲ್ಯವೆಂದರು. ಬೇಡದವರನ್ನು ದೂರವಿಡಲು ಹೂಡಿದ ನೆಪವೆಂದು ಅವರ ಮರಣಾನಂತರ ಕೆಲವು ಚರಿತ್ರಕಾರರು ಬರೆದರು. ಅಷ್ಟು ಬರೆಯಬಲ್ಲವರಿಗೆ ನಿಜವಾದ ಕಾಯಿಲೆ ಇರಲು ಸಾಧ್ಯವೇ ಎಂಬುದು ಅವರ ತರ್ಕ. ಕಾಯಿಲೆಯವರು ಕೆಲಸ ಮಾಡದಿದ್ದರೆ ಸೋಮಾರಿ, ಮಾಡಿದರೆ ನಟನೆ! ಎತ್ತ ಹೋದರೂ ಅಪವಾದ ತಪ್ಪದು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟು ಮಹನೀಯರ ಜೀವನ ಹೇಳಿದರೆ ಪೂರ್ಣವಾಗುವುದಿಲ್ಲ. ಸಿಡ್ನಿ ಹರ್ಬರ್ಟ್ ಅವರು ನೈಟಿಂಗೇಲ್ ಅವರ ಸುಧಾರಣೆಗಳಿಗೆ ಸರ್ಕಾರದೊಳಗಿನ ಕೈಯಾಗಿದ್ದರು. 1860ರ ಕೊನೆಯ ಹೊತ್ತಿಗೆ ಅವರಿಗೆ ಮೂತ್ರಪಿಂಡದ ಕಾಯಿಲೆ ಉಲ್ಬಣಿಸಿತು. ವಿಶ್ರಾಂತಿ ಪಡೆಯಲೇಬೇಕೆಂದು ವೈದ್ಯರು ಹೇಳಿದರು. ನೈಟಿಂಗೇಲ್ ಅವರು ಕೆಲಸ ಬಿಡಬೇಡಿರೆಂದು ಒತ್ತಾಯಿಸಿದರು. ಇನ್ನು ತಮ್ಮಿಂದಾಗದೆಂದು ಹರ್ಬರ್ಟ್ ಅವರು ಕೈಚೆಲ್ಲಿದಾಗ ಕಟುವಾಗಿ ಆಕ್ಷೇಪಿಸಿದರು. 1861ರ ಆಗಸ್ಟ್ 2ರಂದು ಹರ್ಬರ್ಟ್ ಅವರು 50ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅವರಿಗೆಂದು ಬರೆದಿಟ್ಟ ಮರಣೋತ್ತರ ಪತ್ರ ಉಳಿಯಿತು, ಅದನ್ನು ಓದಬೇಕಾದವರು ಉಳಿಯಲಿಲ್ಲ. ನೈಟಿಂಗೇಲ್ ಅವರ ದುಃಖಕ್ಕೆ ಮೇರೆ ಇರಲಿಲ್ಲ. ಆ ವರ್ಷದ ಕೊನೆಯಲ್ಲಿಯೇ ಅವರ ಬೆನ್ನುಹುರಿಯ ಬೇನೆ ಮೇಲೆದ್ದಿತು. ತಮ್ಮನ್ನು ವರ್ಷಗಟ್ಟಲೆ ನೋಡಿಕೊಂಡ ಸೋದರತ್ತೆ ಮೇರಿ ಸ್ಮಿತ್ ಅವರು 1860ರಲ್ಲಿ ತಮ್ಮ ಸಂಸಾರಕ್ಕೆ ಮರಳಿದಾಗಲೂ ಅವರು ಅದನ್ನು ಬಹುಕಾಲ ಕ್ಷಮಿಸಲಿಲ್ಲ.

ತಮ್ಮ ಬಳಲಿಕೆಯನ್ನು ಜಗತ್ತು ನಂಬಬೇಕೆಂದು ಬಯಸಿದವರೇ ಇನ್ನೊಬ್ಬರ ಬಳಲಿಕೆಯನ್ನು ನಂಬದೆ ಹೋದರು. ಅವರನ್ನು ಕೀಳುಮಾಡಲು ನಾವು ಇದನ್ನು ಹೇಳುತ್ತಿಲ್ಲ. ನೋವು ಅನುಭವಿಸಿದ ಮಾತ್ರಕ್ಕೆ ಪರರ ನೋವು ತಾನಾಗಿಯೇ ಅರ್ಥವಾಗುವುದಿಲ್ಲ. ಅದಕ್ಕೆ ಬೇರೆಯದೇ ಸಾಧನೆ ಬೇಕು. ಮನೆಯಲ್ಲಿ ಒಬ್ಬರು ನರಳುತ್ತಿದ್ದಾಗ ಅವರ ಆರೈಕೆ ಮಾಡುವವರೂ ಸದ್ದಿಲ್ಲದೆ ಬಳಲುತ್ತಿರುತ್ತಾರೆ. ಎರಡೂ ಬಳಲಿಕೆಗಳು ನಿಜವೇ.

ತಡವಾಗಿ ಸಿಕ್ಕ ಕಾರಣ

1887ರಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಡೇವಿಡ್ ಬ್ರೂಸ್ ಅವರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ ಒಂದು ಸೂಕ್ಷ್ಮಜೀವಿಯನ್ನು ಪತ್ತೆಹಚ್ಚಿದರು. ಅದು ಆಡಿನ ಹಾಲಿನ ಮೂಲಕ ಮನುಷ್ಯರಿಗೆ ಬರುತ್ತದೆಂಬುದು 1905ರಲ್ಲಿ ಅಲ್ಲಿನ ವೈದ್ಯ ಥೆಮಿಸ್ಟೋಕ್ಲಿಸ್ ಜಾಮಿಟ್ ಅವರ ಪರೀಕ್ಷೆಗಳಿಂದ ತಿಳಿಯಿತು. ಬ್ರುಸೆಲ್ಲೋಸಿಸ್ ಎಂಬ ಹೆಸರಿನ ಆ ರೋಗದಲ್ಲಿ ಜ್ವರ ಏರಿ ಇಳಿಯುತ್ತದೆ; ಬೆವರು, ಬೆನ್ನು ಮತ್ತು ಸಂದುಗಳ ನೋವು, ವಿಪರೀತ ಬಳಲಿಕೆ, ಮನಸ್ಸಿನ ಕುಗ್ಗುವಿಕೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕಾಡಬಲ್ಲವು; ಅದು ಬೆನ್ನುಮೂಳೆಗೂ ತಗುಲಬಲ್ಲದು. ನೈಟಿಂಗೇಲ್ ಅವರ ಪತ್ರಗಳಲ್ಲಿನ ಲಕ್ಷಣಗಳನ್ನು ಹೋಲಿಸಿ, ಅವರನ್ನು ಕಾಡಿದ್ದು ಬಹುಮಟ್ಟಿಗೆ ಇದೇ ರೋಗವೆಂದು 1995ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಾದ ಮಂಡಿತವಾಯಿತು. ಇಷ್ಟು ಕಾಲದ ಮೇಲೆ ಪರೀಕ್ಷೆಯಿಂದ ಅದನ್ನು ಸಾಧಿಸಲಾಗದು. ಆದರೆ ಲಕ್ಷಣಗಳು ಬಹುವಾಗಿ ಹೊಂದುತ್ತವೆ.

ದನಕರು, ಆಡುಕುರಿ ಸಾಕುವ ನಮ್ಮ ಒಕ್ಕಲು ಮನೆತನಗಳಿಗೆ ಈ ರೋಗ ದೂರದ್ದಲ್ಲ. ದನಗಳು ಕಂದು ಹಾಕುವುದಕ್ಕೆ ಕಾರಣವಾಗುವ ಕಂದು ರೋಗ ಇದೇ. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಕಂದು ಹಾಕಿದ ಕರುವನ್ನಾಗಲಿ ಕಸವನ್ನಾಗಲಿ ಬರಿಗೈಯಲ್ಲಿ ಮುಟ್ಟಬಾರದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. ಮನುಷ್ಯರಿಗೆ ರೋಗ ತಗುಲಿದರೆ ವಾರಗಟ್ಟಲೆ ಸರಿಯಾದ ಔಷಧಿ ತೆಗೆದುಕೊಂಡಲ್ಲಿ ಗುಣವಾಗುತ್ತದೆ. ನೈಟಿಂಗೇಲ್ ಅವರ ಕಾಲದಲ್ಲಿ ಇಲ್ಲದ ಆ ಭಾಗ್ಯ ಇಂದು ನಮಗಿದೆ.

1880ರ ಸುಮಾರಿಗೆ ಅವರ ನೋವು ತಗ್ಗುತ್ತಾ ಬಂದಿತು. ಮೈಯೂ ಮನಸ್ಸೂ ಹಗುರವಾದವು. ಸ್ವಭಾವದಲ್ಲಿ ಮೃದುತನ ಬಂದಿತು. ದೂರವಾಗಿದ್ದ ಬಂಧುಗಳು ಹತ್ತಿರವಾದರು. ವೃದ್ಧಾಪ್ಯದಲ್ಲಿ ದೃಷ್ಟಿ ಮಾಸಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆ ಎನಿಸಿದರು. 1910ರ ಆಗಸ್ಟ್ 13ರಂದು ನಿದ್ದೆಯಲ್ಲಿಯೇ ಪ್ರಾಣ ಬಿಟ್ಟರು. ರಾಷ್ಟ್ರದ ಗಣ್ಯರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಗೆ ಅವಕಾಶ ದೊರೆತರೂ, ಅವರ ಇಚ್ಛೆಗೆ ಅನುಗುಣವಾಗಿ ಕುಟುಂಬದವರು ಹ್ಯಾಂಪ್‌ಶೈರ್‌ನ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರನ್ನು ಮಣ್ಣು ಮಾಡಿದರು.

ಅವರ ಹುಟ್ಟಿದ ದಿನವಾದ ಮೇ 12 ವಿಶ್ವ ದಾದಿಯರ ದಿನವೆಂದು ಎಲ್ಲರಿಗೂ ಗೊತ್ತು. 1990ರ ದಶಕದಿಂದ ಅದೇ ದಿನವನ್ನು ದೀರ್ಘಕಾಲದ ಬಳಲಿಕೆ ಹಾಗೂ ಮೈತುಂಬ ಹರಡಿದ ನೋವಿನ ಕಾಯಿಲೆಗಳ ಜಾಗೃತಿ ದಿನವಾಗಿಯೂ ಆಚರಿಸಲಾಗುತ್ತಿದೆ. ಅವರಿಗೆ ಇದ್ದದ್ದು ಅದೇ ಕಾಯಿಲೆಯೆಂದು ಇದರ ಅರ್ಥವಲ್ಲ. ಕಾಣದ ಬೇನೆಯನ್ನು ಹೊತ್ತು ಬದುಕುವವರು ಅವರಲ್ಲಿ ತಮ್ಮವರೊಬ್ಬರನ್ನು ಕಂಡಿದ್ದಾರೆ.

ಸದ್ಭಕ್ತರೇ, ನಿಮ್ಮ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ನೋವು, ಸುಸ್ತು ಎನ್ನುತ್ತಿದ್ದರೆ ಮೊದಲು ಅವರ ಮಾತನ್ನು ನಂಬಿರಿ. ಅನಂತರ ವೈದ್ಯರ ಬಳಿಗೆ ಕರೆದೊಯ್ಯಿರಿ; ರಕ್ತಹೀನತೆ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆಯಂಥ ಕಾರಣಗಳಿದ್ದರೆ ಪರೀಕ್ಷೆಯಿಂದ ತಿಳಿಯುತ್ತವೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನೋವು ಸುಳ್ಳಾಗುವುದಿಲ್ಲ. ಅವರ ನಿದ್ದೆಯನ್ನು ಕಾಪಾಡಿರಿ. ಚೇತರಿಸಿಕೊಂಡ ದಿನ ಎಲ್ಲ ಕೆಲಸವನ್ನೂ ಅವರ ತಲೆಯ ಮೇಲೆ ಹೊರಿಸಬೇಡಿರಿ. ಗದ್ದೆಯ ಕೆಲಸ ಮುಗಿಸಿ ಬಂದು ಒಲೆಯ ಮುಂದೆ ನಿಲ್ಲುವ ತಾಯಂದಿರು ಇದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ; ಅವರನ್ನು ನೀವೇ ಕೇಳಬೇಕು. ನೋವನ್ನು ಹೊತ್ತವರೂ ವಿಶ್ರಾಂತಿಗೆ ನಾಚಬಾರದು. ಅಳತೆಯರಿತ ವಿಶ್ರಾಂತಿ ಕಾಯಕಕ್ಕೆ ವಿರೋಧಿಯಲ್ಲ. ಅದು ಕಾಯಕದ ಅಂಗವೇ ಆಗಿದೆ.